ಸ್ಪ್ಯಾನಿಶ್ 21, ಸ್ವಿಚ್, ಫ್ರೀ ಬೆಟ್: ಈ ಟೇಬಲ್‌ಗಳಲ್ಲಿ ಎಲೆ ಎಣಿಸಿ ಪ್ರಯೋಜನ ಇದೆಯಾ?

ತುಂಗಾತೀರ

ಮಾಮೂಲಿ ಬ್ಲ್ಯಾಕ್‌ಜಾಕ್‌ಗೆ ಹೈ-ಲೋ ಎಣಿಕೆ ಕೈಗೆ ಹತ್ತಿದೆ: 2ರಿಂದ 6ರವರೆಗೆ +1, 7, 8, 9ಕ್ಕೆ ಸೊನ್ನೆ, ಹತ್ತು, ಗುಲಾಮ, ರಾಣಿ, ರಾಜ, ಎಕ್ಕಕ್ಕೆ −1. ಅಟ್ಲಾಂಟಿಕ್ ಸಿಟಿಗೆ ಹೋಗುವುದಿದೆ. ಕಡಿಮೆ ಪಣದ ಟೇಬಲ್‌ಗಳಲ್ಲಿ ಬ್ಲ್ಯಾಕ್‌ಜಾಕ್‌ಗೆ (ಮೊದಲ ಎರಡೇ ಎಲೆಗೆ 21) 3:2 ಬದಲು 6:5 ಕೊಡುತ್ತಾರೆ, ಹಾಗಾಗಿ ಸ್ಪ್ಯಾನಿಶ್ 21, ಸ್ವಿಚ್, ಫ್ರೀ ಬೆಟ್ ಅನ್ನೋ ಬ್ಲ್ಯಾಕ್‌ಜಾಕ್‌ನ ಬೇರೆ ರೂಪಗಳ ಕಡೆ ಕಣ್ಣು ಹೋಗಿದೆ. ಇದೇ ಎಣಿಕೆ ಅಲ್ಲಿ ನಡೆಯುತ್ತಾ? ಯಾವುದರ ಹತ್ತಿರ ಸುಳಿಯಲೇಬಾರದು?

ಗುಲಾಮ48

6:5 ಟೇಬಲ್ ಬಿಡುತ್ತಿರುವುದು ಸರಿ. ಸುಮಾರು 21 ಕೈಗೆ ಒಂದು ಬ್ಲ್ಯಾಕ್‌ಜಾಕ್ ಬೀಳುತ್ತೆ. 100 ಡಾಲರ್ ಕಟ್ಟಿದ್ದರೆ 150ರ ಜಾಗದಲ್ಲಿ 120 ಸಿಗುತ್ತೆ. ಆ 30 ಡಾಲರ್ ಕಡಿತವೇ ಮನೆಯ, ಅಂದರೆ ಕ್ಯಾಸಿನೋದ, ಲಾಭಕ್ಕೆ ಸುಮಾರು 1.4% ಸೇರಿಸುತ್ತೆ. ಟ್ರೂ ಕೌಂಟ್ (ಎಣಿಕೆಯನ್ನು ಉಳಿದ ಪ್ಯಾಕುಗಳಿಗೆ ಭಾಗಿಸಿ ಬಂದದ್ದು; ಏರಿದಷ್ಟೂ ಹತ್ತು, ಎಕ್ಕ ಹೆಚ್ಚು ಉಳಿದಿವೆ ಅಂತ) ಒಂದು ಏರಿದರೆ ನಮಗೆ ಸಿಗೋದು ಹೆಚ್ಚುಕಮ್ಮಿ 0.5%. ಅಂದರೆ 3:2 ಟೇಬಲ್‌ನಲ್ಲಿ +1ಕ್ಕೆ ಸಮ ಆಗೋ ಆಟ, ಇಲ್ಲಿ +4ರ ಹತ್ತಿರ ಬರೋವರೆಗೆ ನಷ್ಟದಲ್ಲೇ ಇರುತ್ತೆ.

ನೀವು ಹೇಳಿದ ಮೂರರಲ್ಲಿ ಎಣಿಸೋಕೆ ಯೋಗ್ಯವಾದದ್ದು ಸ್ಪ್ಯಾನಿಶ್ 21 ಒಂದೇ. ಆದರೆ ನಿಮ್ಮ ಹೈ-ಲೋವನ್ನು ಹಾಗೇ ತಗೊಂಡು ಹೋದರೆ ಕೈ ಸುಟ್ಟುಕೊಳ್ಳುತ್ತೀರಿ. ಅಲ್ಲಿ ಪ್ರತಿ ಪ್ಯಾಕಿನಿಂದ ನಾಲ್ಕು ಹತ್ತುಗಳನ್ನು ತೆಗೆದಿರುತ್ತಾರೆ, ಉಳಿಯೋದು 48 ಎಲೆ. ಗುಲಾಮ, ರಾಣಿ, ರಾಜ ಇದ್ದೇ ಇರುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಪ್ಯಾಕಿನಲ್ಲಿ +1 ಎಲೆ 20, −1 ಎಲೆ 16. ಪ್ಯಾಕಿಗೆ +4 ಸುಮ್ಮನೆ ಏರುತ್ತೆ. ಸೊನ್ನೆಯಿಂದ ಶುರು ಮಾಡಿದರೆ ಆರು ಪ್ಯಾಕಿನ ಶೂನಲ್ಲಿ (ಎಲೆ ಹಂಚೋ ಪೆಟ್ಟಿಗೆ) ನಾಲ್ಕು ಪ್ಯಾಕ್ ಹೋಗೋಷ್ಟರಲ್ಲಿ ಏನೂ ವಿಶೇಷ ಇಲ್ಲದಿದ್ದರೂ +16 ತೋರಿಸುತ್ತೆ. ಉಳಿದ ಎರಡು ಪ್ಯಾಕಿಗೆ ಭಾಗಿಸಿದರೆ +8! ನಿಜವಾದ ಕೌಂಟ್ ಸೊನ್ನೆ ಇರುವಾಗ ದೊಡ್ಡ ಪಣ ಕಟ್ಟಿಬಿಡುತ್ತೀರಿ. ಈ ಆಟದಲ್ಲಿ ಜನ ದುಡ್ಡು ಕಳ್ಕೊಳ್ಳೋ ದೊಡ್ಡ ತಪ್ಪು ಇದೇ.

ಸರಿಪಡಿಸೋಕೆ ಎರಡು ದಾರಿ. ಒಂದು, ಆರು ಪ್ಯಾಕಿಗೆ −24ರಿಂದ, ಎಂಟು ಪ್ಯಾಕಿಗೆ −32ರಿಂದ ಶುರು ಮಾಡಿ. ಉಳಿದ ಪ್ಯಾಕಿಗೆ ಭಾಗಿಸಿ, ಬಂದದ್ದಕ್ಕೆ 4 ಕೂಡಿಸಿ. ಎರಡು ಪ್ಯಾಕ್ ಮುಗಿದು ನಾಲ್ಕು ಉಳಿದಿದೆ, ಎಣಿಕೆ −8 ಇದೆ ಅಂದುಕೊಳ್ಳಿ: −8 ಭಾಗಿಸು 4 ಅಂದರೆ −2, ಅದಕ್ಕೆ 4 ಸೇರಿಸಿದರೆ ಟ್ರೂ ಕೌಂಟ್ +2. ಇನ್ನೊಂದು, 2ನ್ನು ಸೊನ್ನೆ ಮಾಡಿಬಿಡಿ. 3ರಿಂದ 6ರವರೆಗೆ 16 ಎಲೆ, ಮೇಲಿನವೂ 16, ತೂಕ ಸಮ. ಸಣ್ಣ ಎಲೆಗಳಲ್ಲಿ 2ರ ಪ್ರಭಾವ ಹೇಗೂ ಕಡಿಮೆ. ನಿಖರತೆ ಸ್ವಲ್ಪ ಹೋಗುತ್ತೆ, ತಲೆನೋವು ತಪ್ಪುತ್ತೆ. ಗದ್ದಲದ ಟೇಬಲ್‌ನಲ್ಲಿ ಋಣಸಂಖ್ಯೆ ತಪ್ಪೋರಿಗೆ ಇದೇ ಒಳ್ಳೇದು.

ಟೇಬಲ್ ಮೇಲಿನ ಬರಹ ಓದಿ ಕೂತ್ಕೊಳ್ಳಿ. ಡೀಲರ್ ಸಾಫ್ಟ್ 17ಕ್ಕೆ (ಎಕ್ಕವನ್ನು 11 ಅಂತ ಎಣಿಸಿ ಬರೋ 17) ನಿಂತರೆ, ಅಂದರೆ ಮತ್ತೆ ಎಲೆ ತೆಗೆಯದಿದ್ದರೆ, ಮನೆಯ ಲಾಭ ಸುಮಾರು 0.4%. ಸಾಫ್ಟ್ 17ಕ್ಕೆ ಎಲೆ ತೆಗೆದು, ರೀಡಬಲ್ (ದುಪ್ಪಟ್ಟು ಮಾಡಿದ ಪಣವನ್ನು ಮತ್ತೆ ದುಪ್ಪಟ್ಟು ಮಾಡೋ ಅವಕಾಶ) ಕೂಡ ಇಲ್ಲದಿದ್ದರೆ 0.76% ಆಸುಪಾಸು. ರೀಡಬಲ್ ಇದ್ದರೆ ಮತ್ತೆ 0.4ಕ್ಕೆ ಇಳಿಯುತ್ತೆ.

ಯಾವ ಕೈಗೆ ಏನು ಮಾಡಬೇಕು ಅನ್ನೋ ಆಡುವ ಪಟ್ಟಿಯನ್ನೂ ಹೊಸದಾಗಿ ಕಲೀಬೇಕು. ಡೀಲರ್ 4 ತೋರಿಸಿದಾಗ ನಿಮ್ಮ 12ಕ್ಕೆ ಮಾಮೂಲಿ ಆಟದಲ್ಲಿ ನಿಲ್ಲುತ್ತೀರಿ, ಇಲ್ಲಿ ಎಲೆ ಕೇಳಬೇಕು. ಕಾರಣ ಮತ್ತದೇ: ಹತ್ತು ಕಡಿಮೆ, ಡೀಲರ್ ಒಡೆಯೋದೂ (21 ದಾಟಿ ಸೋಲೋದು) ಕಡಿಮೆ, ನೀವು ಒಡೆಯೋದೂ ಕಡಿಮೆ.

ಕೆಂಪುಎಕ್ಕ

ಸ್ವಿಚ್ ಮತ್ತು ಫ್ರೀ ಬೆಟ್ ಯಾಕೆ ಬೇಡ ಅಂತ ನಾನು ಸೇರಿಸ್ತೀನಿ. ಎರಡರಲ್ಲೂ ಒಂದೇ ಮುಳ್ಳು: ಡೀಲರ್‌ಗೆ 22 ಬಂದರೆ ನೀವು ಗೆಲ್ಲಲ್ಲ, ಪಣ ವಾಪಸ್ ಅಷ್ಟೇ. ಎಣಿಸೋರಿಗೆ ಇದು ಉಳಿದವರಿಗಿಂತ ಜಾಸ್ತಿ ಚುಚ್ಚುತ್ತೆ. ಕೌಂಟ್ ಮೇಲೆ ಹೋದಾಗ ನಾವು ಕಾಯೋದು ಏನನ್ನ? ಡೀಲರ್ 12ರಿಂದ 16ರಲ್ಲಿ ಸಿಕ್ಕಿಬಿದ್ದು ಹತ್ತು ಎಳೆದು ಒಡೆಯಲಿ ಅಂತ. 12ರ ಮೇಲೆ ಹತ್ತು ಬಿದ್ದರೆ ಸರಿಯಾಗಿ 22! ಶೂನಲ್ಲಿ ಹತ್ತು ಹೆಚ್ಚಾದಷ್ಟೂ, ನೀವು ದೊಡ್ಡ ಪಣ ಕಟ್ಟಿರೋ ಹೊತ್ತಿಗೇ, ಗೆಲ್ಲಬೇಕಾದ ಕೈಗಳು ಸಮವಾಗಿ ಹೋಗುತ್ತವೆ.

ಸ್ವಿಚ್‌ನಲ್ಲಿ ಬ್ಲ್ಯಾಕ್‌ಜಾಕ್‌ಗೆ 1:1 ಮಾತ್ರ. ಹೈ-ಲೋನಲ್ಲಿ ಎಕ್ಕದ ಬೆಲೆ ಬಹುಪಾಲು ಆ 3:2ರಿಂದಲೇ ಬಂದದ್ದು, ಅದೂ ಇಲ್ಲಿ ಕರಗುತ್ತೆ. ಜೊತೆಗೆ ಎರಡು ಕೈಗೆ ಸಮ ಪಣ ಕಡ್ಡಾಯ, ಹಾಗಾಗಿ ಕೌಂಟ್ ಕೆಟ್ಟಿರುವಾಗ ಕಾಯುವ ಖರ್ಚೂ ದುಪ್ಪಟ್ಟು. ಆ ಎರಡು ಕೈಗಳ ನಡುವೆ ಎಲೆ ಅದಲುಬದಲು ಮಾಡೋದನ್ನ ಸರಿಯಾಗಿ ಕಲಿತರೆ ಮನೆಯ ಲಾಭ 0.6% ಹತ್ತಿರಕ್ಕೆ ಬರುತ್ತೆ. ಸಮಯ ಕಳೆಯೋಕೆ ಚೆಂದದ ಆಟ, ಎಣಿಸೋಕೆ ಅಲ್ಲ. ಫ್ರೀ ಬೆಟ್‌ನಲ್ಲಿ (ಕೆಲವು ಸಲ ಪಣ ದುಪ್ಪಟ್ಟು ಮಾಡೋ ದುಡ್ಡನ್ನ ಮನೆಯೇ ಹಾಕೋ ಆಟ) ಮನೆಯ ಲಾಭ ಶುರುವಾಗೋದೇ 1% ಮೇಲಿಂದ.

ತುಂಗಾತೀರ

22ರ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಸ್ಪ್ಯಾನಿಶ್‌ನಲ್ಲಿ ಕೌಂಟ್ +3 ದಾಟಿದಾಗ ಮಾಮೂಲಿನ ಹಾಗೆ ಇನ್ಶೂರೆನ್ಸ್ (ಡೀಲರ್ ಎಕ್ಕ ತೋರಿಸಿದಾಗ ಅವರಿಗೆ ಬ್ಲ್ಯಾಕ್‌ಜಾಕ್ ಇದೆ ಅಂತ ಕಟ್ಟೋ ಪಕ್ಕದ ಪಣ) ತಗೋಬಹುದಾ? ಮತ್ತೆ ಕೈಯಲ್ಲಿ ಎಷ್ಟು ದುಡ್ಡು ಇರಬೇಕು?

ಗುಲಾಮ48

ಇನ್ಶೂರೆನ್ಸ್ ಬೇಡ. ಅದು ಸಮವಾಗಬೇಕಾದರೆ ಮೂರರಲ್ಲಿ ಒಂದು ಎಲೆ ಹತ್ತಿನ ಬೆಲೆಯದ್ದಿರಬೇಕು. ಮಾಮೂಲಿ ಪ್ಯಾಕಿನಲ್ಲಿ 52ಕ್ಕೆ 16, ಹತ್ತಿರದಲ್ಲೇ ಇದೆ, ಅದಕ್ಕೇ +3ಕ್ಕೆ ದಾಟುತ್ತೆ. ಇಲ್ಲಿ 48ಕ್ಕೆ 12, ನಾಲ್ಕರಲ್ಲಿ ಒಂದು. ಅಲ್ಲಿ ನೂರಕ್ಕೆ 8 ಹತ್ತಿರ ಕಳ್ಕೊಂಡರೆ ಇಲ್ಲಿ ನೂರಕ್ಕೆ 25.

ದುಡ್ಡಿನ ಬಗ್ಗೆ ಕಣ್ಣು ತೆರೆದು ಯೋಚಿಸಿ. ಒಳ್ಳೇ ನಿಯಮದ ಮಾಮೂಲಿ ಟೇಬಲ್‌ನಲ್ಲೇ +4ಕ್ಕೆ ನಿಮ್ಮ ಅನುಕೂಲ ಸುಮಾರು 1.5%. 100 ಡಾಲರ್ ಪಣಕ್ಕೆ ಒಂದೂವರೆ ಡಾಲರ್. ಅದೇ ಕೈಯ ಏರಿಳಿತ 115 ಡಾಲರ್ ಆಸುಪಾಸು. ಒಂದು ವಾರಾಂತ್ಯದಲ್ಲಿ ಆ ಒಂದೂವರೆ ಡಾಲರ್ ಕಣ್ಣಿಗೇ ಕಾಣಲ್ಲ, ಸರಿಯಾಗಿ ಎಣಿಸಿಯೂ ಸಾವಿರಗಟ್ಟಲೆ ಕಳ್ಕೊಂಡು ಬರಬಹುದು. ಮನೆ ಖರ್ಚಿನ ದುಡ್ಡು, ಸಾಲದ ದುಡ್ಡು ಇದಕ್ಕೆ ತರಲೇಬೇಡಿ. ದೊಡ್ಡ ಪಣದ ನೂರು ಪಟ್ಟಾದರೂ ಬೇರೆಯಾಗಿ ಎತ್ತಿಟ್ಟಿಲ್ಲದಿದ್ದರೆ ಕನಿಷ್ಠ ಪಣದಲ್ಲೇ ಆಡಿ.

ಕೆಂಪುಎಕ್ಕ

ಕೂರೋ ಮುಂಚೆ ಕಟ್ ಕಾರ್ಡ್ (ಇಲ್ಲಿಗೆ ಬಂದರೆ ಎಲೆ ಕಲಸು ಅನ್ನೋ ಗುರುತಿನ ಎಲೆ) ನೋಡಿ. ಆರು ಪ್ಯಾಕಿನಲ್ಲಿ ಹಿಂದಿನ ಒಂದೂವರೆ ಪ್ಯಾಕ್ ಬಿಟ್ಟು ಇಟ್ಟರೆ ಆಡಬಹುದು. ಎರಡಕ್ಕಿಂತ ಜಾಸ್ತಿ ಬಿಟ್ಟರೆ ಕೌಂಟ್ ಏರೋಷ್ಟರಲ್ಲಿ ಎಲೆ ಕಲಸೋಕೆ ಶುರು ಮಾಡ್ತಾರೆ. ಆಡಿದ ಎಲೆಗಳನ್ನ ಆಗಲೇ ವಾಪಸ್ ಯಂತ್ರದ ಬಾಯಿಗೆ ತುರುಕುತ್ತಿದ್ದರೆ ಅದು ನಿಲ್ಲದೆ ಕಲಸೋ ಯಂತ್ರ. ಅಲ್ಲಿ ಎಣಿಸೋಕೆ ಏನೂ ಉಳಿದಿರಲ್ಲ.

ಅಟ್ಲಾಂಟಿಕ್ ಸಿಟಿ ಇರೋ ನ್ಯೂಜೆರ್ಸಿಯಲ್ಲಿ ಒಂದು ಅನುಕೂಲ ಇದೆ: ಎಲೆ ಎಣಿಸೋದಕ್ಕೆ ಹೆಸರಾದ ಕೆನ್ ಯೂಸ್ಟನ್ ಹಾಕಿದ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1982ರಲ್ಲಿ, ಎಣಿಸ್ತಾರೆ ಅನ್ನೋ ಕಾರಣಕ್ಕೆ ಕ್ಯಾಸಿನೋ ತಾನಾಗಿ ಯಾರನ್ನೂ ಹೊರಗೆ ಹಾಕೋ ಹಾಗಿಲ್ಲ ಅಂದಿತು. ನೆವಾಡದಲ್ಲಿ ಹೊರಗೆ ಕಳಿಸ್ತಾರೆ. ಆದರೆ ಅಟ್ಲಾಂಟಿಕ್ ಸಿಟಿಯಲ್ಲೂ ನೀವು ಪಣ ಏರಿಸಿದ ತಕ್ಷಣ ಡೀಲರ್ ಎಲೆ ಕಲಸಿಬಿಡಬಹುದು. 15ರಿಂದ ಒಂದೇ ಸಲ 150ಕ್ಕೆ ಹಾರಬೇಡಿ. ಗೆದ್ದ ಕೈಯ ಹಿಂದೆಯೇ 30, 60 ಅಂತ ಏರಿಸಿ. ತಲೆಯಲ್ಲೇ ಎಣಿಸಿ, ಫೋನ್ ಜೇಬಿನಿಂದ ಹೊರಗೆ ತೆಗೀಬೇಡಿ.