ಗ್ರೈಂಡಿಂಗ್ ಮೆಷಿನ್‌ಗೆ ಎಐ ಬರುತ್ತಿದೆ, ಈ ಲೈನ್‌ನಲ್ಲೇ ಇರಲಾ?

ಕೇಳಿದವರು: ನಾನು ಸಿಲಿಂಡ್ರಿಕಲ್ ಗ್ರೈಂಡಿಂಗ್ ಆಪರೇಟರ್, ಅಂದರೆ ದುಂಡು ಪೀಸ್‌ಗಳನ್ನು ತಿರುಗುವ ಅಬ್ರೇಸಿವ್ ವೀಲ್‌ನಿಂದ ಉಜ್ಜಿ ಸೈಜ್‌ಗೆ ತರುವವನು. ಮೆಷಿನ್‌ಗೆ ಹೊಸ ಸೆನ್ಸರ್ ಹಾಕಿದ್ದಾರೆ. ವೀಲ್ ಯಾವಾಗ ಡ್ರೆಸ್ ಮಾಡಬೇಕು (ಮೊಂಡಾದ ಮೇಲ್ಮೈ ಕೆತ್ತಿ ಮತ್ತೆ ಹರಿತ ಮಾಡಬೇಕು) ಅಂತ ಇನ್ನು ಮೇಲೆ ಎಐ ಹೇಳುತ್ತದಂತೆ. ಜಾಬ್ (ಗ್ರೈಂಡ್ ಮಾಡುವ ಪೀಸ್) ಹಾಕಿ ತೆಗೆಯಲು ರೋಬೋಟ್ ಕೂಡ ಬರುತ್ತದಂತೆ. ಇಲ್ಲೇ ಇರಲಾ, ಬೇರೆ ಕೆಲಸ ನೋಡಿಕೊಳ್ಳಲಾ? ಕಂಡಿದ್ದನ್ನು ಹೇಳಿ. ಸುಮ್ನೆ ಧೈರ್ಯ ತುಂಬಬೇಡಿ.

ಒಬ್ಬ ಸೆಟ್ಟರ್ (ಮೆಷಿನ್ ಸೆಟ್ ಮಾಡುವವರು): ಧೈರ್ಯ ತುಂಬಲ್ಲ ಬಿಡಿ. ಜಾಬ್ ಹಾಕೋದು, ಬಟನ್ ಒತ್ತೋದು, ತೆಗೆದು ಅಳೆಯೋದು ಇಷ್ಟೇ ನಿಮ್ಮ ಕೆಲಸ ಆಗಿದ್ದರೆ ಅದು ಹೋಗುತ್ತದೆ. ಅದಕ್ಕೆ ಎಐಯೇ ಬೇಕಿಲ್ಲ. ಗ್ರೈಂಡ್ ಆಗುತ್ತಿರುವಾಗಲೇ ಅಳೆದು, ಸೈಜ್ ಬಂದ ತಕ್ಷಣ ವೀಲ್ ಹಿಂದಕ್ಕೆ ಎಳೆಯುವ ಗೇಜ್ ಎಷ್ಟೋ ಹಿಂದೆಯೇ ಬಂದಿದೆ. ವೀಲ್ ಜಾಬ್‌ಗೆ ತಾಗಿದ್ದನ್ನು ಕಿವಿಗೆ ಕೇಳದ ಸದ್ದಿನಿಂದ ಹಿಡಿಯುವ ಸೆನ್ಸರ್ ಕೂಡ ಹಳೆಯದೇ. ಎಐ ಮಾಡುವುದೇನೆಂದರೆ, ಲೋಡ್, ಸದ್ದು, ಅದುರುವಿಕೆ ಎಲ್ಲ ಒಟ್ಟಿಗೆ ನೋಡಿ ವೀಲ್ ಮೊಂಡಾಗಿದೆ ಅಂತ ಊಹಿಸುವುದು.

ಆ ಊಹೆ ಎಲ್ಲಿ ಕೈಕೊಡುತ್ತದೆ ಅಂತ ಹೇಳುತ್ತೇನೆ. ನಮ್ಮ ಒಂದು ಮೆಷಿನ್‌ನಲ್ಲಿ ಸ್ಪಿಂಡಲ್ (ವೀಲ್ ತಿರುಗಿಸುವ ಶಾಫ್ಟ್) ಲೋಡ್ ಏರುತ್ತಲೇ ಇತ್ತು. ಡ್ರೆಸ್ ಮಾಡಿ ಅಂತ ಸಿಸ್ಟಮ್ ಹೇಳುತ್ತಲೇ ಇತ್ತು. ಮಾಡಿದರೂ ಅದೇ ಕಥೆ, ವೀಲ್ ಸವೆದಿದ್ದೇ ಬಂತು. ಆಪರೇಟರ್ ಬಗ್ಗಿ ನೋಡಿದರೆ ಕೂಲೆಂಟ್ ನಾಜಲ್ ಪಕ್ಕಕ್ಕೆ ತಿರುಗಿ, ನೀರೆಲ್ಲ ಗಾರ್ಡ್ ಮೇಲೆ ಬೀಳುತ್ತಿತ್ತು. ವೀಲೂ ಜಾಬೂ ಸೇರುವ ಜಾಗ ಒಣಗಿತ್ತು. ನಾಜಲ್‌ಗೆ ಸೆನ್ಸರ್ ಇರಲಿಲ್ಲ, ಹಾಗಾಗಿ ಸಿಸ್ಟಮ್ ಪಾಲಿಗೆ ನಾಜಲ್ ಅನ್ನುವುದೇ ಇರಲಿಲ್ಲ.

ಇನ್‌ಸ್ಪೆಕ್ಷನ್‌ನಿಂದ ಒಬ್ಬರು: ಗೀರು, ಚಾಟರ್ (ಅದುರುವಿಕೆಯಿಂದ ಬೀಳುವ ಅಲೆ) ಗುರುತು ಹಿಡಿಯುವುದರಲ್ಲಿ ಕ್ಯಾಮೆರಾ ನಮಗಿಂತ ವಾಸಿ, ಒಪ್ಪಿಕೊಳ್ಳಬೇಕು. ಶಿಫ್ಟ್ ಮುಗಿಯೋ ಹೊತ್ತಿಗೆ ನಮ್ಮ ಕಣ್ಣು ಸೋಲುತ್ತದೆ, ಅದರದ್ದು ಸೋಲಲ್ಲ. ಬರ್ನ್ ವಿಷಯ ಮಾತ್ರ ಬೇರೆ. ಹಾರ್ಡ್ ಮಾಡಿದ ಸ್ಟೀಲ್ ಜಾಸ್ತಿ ಬಿಸಿಯಾದರೆ ಹಳದಿ, ಕಂದು, ನೀಲಿ ಅಂತ ಬಣ್ಣ ತಿರುಗುತ್ತದೆ. ಕೊನೆಗೆ ಒಂದೆರಡು ಲೈಟ್ ಕಟ್ ಕೊಟ್ಟರೆ ಬಣ್ಣ ಹೋಗುತ್ತದೆ, ಆದರೆ ಕೆಳಗೆ ಮೆತ್ತಗಾದ ಪದರ ಹಾಗೇ ಉಳಿದಿರಬಹುದು. ಕ್ಯಾಮೆರಾ ಓಕೆ ಅನ್ನುತ್ತದೆ. ನೈಟಲ್ (ನೈಟ್ರಿಕ್ ಆಸಿಡ್, ಆಲ್ಕೋಹಾಲ್ ಮಿಶ್ರಣ) ಹಾಕಿ ಎಚ್ ಮಾಡಿದಾಗಲೇ, ಅಂದರೆ ಮೇಲ್ಮೈ ತುಸು ಕರಗಿಸಿದಾಗಲೇ, ಕಪ್ಪು ಕಲೆ ಎದ್ದು ಕಾಣೋದು. ಎಲ್ಲ ಜಾಬ್‌ಗೂ ಎಚ್ ಮಾಡಲು ಆಗುತ್ತಾ? 'ಈ ಪೀಸ್ ಹೊಡೆಯುವಾಗ ಸದ್ದು ಬೇರೆ ಥರ ಇತ್ತು, ಇದನ್ನು ನೋಡಿ' ಅಂತ ತಂದುಕೊಡುವ ಆಪರೇಟರ್ ಇದ್ದರೆ ನಮಗೆ ಅದೇ ದೊಡ್ಡ ಸಹಾಯ.

ಮತ್ತೊಬ್ಬರು: 2013ರಲ್ಲಿ ಆಕ್ಸ್‌ಫರ್ಡ್‌ನ ಇಬ್ಬರು ಸಂಶೋಧಕರು 702 ಬಗೆಯ ಕೆಲಸಗಳನ್ನು ನೋಡಿ, ಅಮೆರಿಕದ ಶೇ 47ರಷ್ಟು ಉದ್ಯೋಗಕ್ಕೆ ಹೆಚ್ಚಿನ ಅಪಾಯ ಇದೆ ಅಂದರು. ಅದನ್ನೇ ಹಿಡಿದು ಹೆದರಿಸುವವರು ಜಾಸ್ತಿ. ಅದು ಕಂಪ್ಯೂಟರ್‌ಗೆ ಒಪ್ಪಿಸಲು ಆಗುತ್ತದಾ ಅನ್ನುವ ಲೆಕ್ಕ, ಇಷ್ಟು ಜನ ಮನೆಗೆ ಹೋಗುತ್ತಾರೆ ಅನ್ನುವ ಲೆಕ್ಕ ಅಲ್ಲ. ಇನ್ನೊಂದು ವಿಷಯ. ಅಮೆರಿಕದ ಉದ್ಯೋಗ ಪಟ್ಟಿಯಲ್ಲಿ ಲೋಹ, ಪ್ಲಾಸ್ಟಿಕ್ ಗ್ರೈಂಡಿಂಗ್‌ಗೆ ಮೆಷಿನ್ ಸೆಟ್ ಮಾಡುವವರು, ಓಡಿಸುವವರು, ನೋಡಿಕೊಳ್ಳುವವರು ಎಲ್ಲ ಸೇರಿ ಒಂದೇ ಹೆಸರು. ಶಾಪ್‌ನಲ್ಲಿ ಈ ಮೂರು ಒಂದೇ ಅಲ್ಲ, ಅಲ್ವಾ?

ಪ್ಲಾಸ್ಟಿಕ್ ಲೈನ್‌ನಿಂದ: ನಮ್ಮಲ್ಲಿ ಬಿಸಿ ಏರಿದರೆ ಮಾಲು ಕರಗಿ ವೀಲ್‌ಗೆ ಮೆತ್ತಿಕೊಳ್ಳುತ್ತದೆ. ಸ್ಟೀಲ್ ಡೇಟಾದಲ್ಲಿ ಕಲಿತ ಸಿಸ್ಟಮ್ ಇಲ್ಲಿ ನಡೆಯಲಿಲ್ಲ. ಆದರೆ ಬರ್ (ಅಂಚಿನಲ್ಲಿ ಉಳಿಯುವ ಚೂಪು ಚೂರು) ತೆಗೆಯುವ ಕೆಲಸ ಪೂರ್ತಿ ರೋಬೋಟ್‌ಗೆ ಹೋಯಿತು. ಧೂಳು ತಪ್ಪಿತು, ಒಳ್ಳೆಯದೇ. ಕಾಯಂ ಇದ್ದವರನ್ನು ಬೇರೆ ಸೆಕ್ಷನ್‌ಗೆ ಹಾಕಿದರು. ಗುತ್ತಿಗೆಯವರನ್ನು ಮತ್ತೆ ಕರೆಯಲಿಲ್ಲ. ಇದನ್ನು ಯಾರೂ ಹೇಳಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಅದೇ ಸೆಟ್ಟರ್: ಸರಿಯಾಗಿ ಹೇಳಿದಿರಿ. ಕೇಳಿದವರಿಗೆ ಇಷ್ಟು ಹೇಳುತ್ತೇನೆ: ಕೆಲಸ ಬಿಡಬೇಡಿ, ಜಾಗ ಬದಲಿಸಿ. ಸೆಟ್ಟಿಂಗ್ ಕಡೆಗೆ ಹೋಗಿ. ವೀಲ್ ಮೇಲೆ ಎ60ಕೆ5ವಿ ಅಂತ ಬರೆದಿದ್ದರೆ ಯಾವ ಅಬ್ರೇಸಿವ್, ಎಷ್ಟು ನುಣುಪು, ಎಷ್ಟು ಗಟ್ಟಿ ಅಂತ ಓದಲು ಕಲಿಯಿರಿ. ಸಿಸ್ಟಮ್ ಹಾಕಲು ಬಂದವರ ಪಕ್ಕದಲ್ಲೇ ನಿಂತುಕೊಳ್ಳಿ. ಅಲಾರಂ ಬಂದಾಗಲೆಲ್ಲ ನಿಜವಾದ ಕಾರಣ ಏನಿತ್ತು ಅಂತ ಬರೆಯಲು ಒಂದು ಕಾಲಂ ಕೇಳಿ, ಅದನ್ನು ತುಂಬುವ ಕೆಲಸ ನೀವೇ ತೆಗೆದುಕೊಳ್ಳಿ. ಹಾಂ, ಸೆನ್ಸರ್ ಇದೆ ಅಂತ ಹೊಸ ವೀಲ್ ಏರಿಸುವ ಮುಂಚೆ ಬಿರುಕು ಇದೆಯಾ ಅಂತ ತಟ್ಟಿ ಸದ್ದು ನೋಡುವುದನ್ನು ಬಿಡಬೇಡಿ. ನಿಮ್ಮದು ಯಾವ ಕಂಟ್ರೋಲರ್ (ಮೆಷಿನ್ ನಡೆಸುವ ಕಂಪ್ಯೂಟರ್) ಅಂತ ಇಲ್ಲಿ ಬರೆಯಿರಿ, ಅದನ್ನೇ ಓಡಿಸಿದವರು ಇಲ್ಲಿ ಯಾರಾದರೂ ಇದ್ದರೆ ಹೇಳುತ್ತಾರೆ.