ಹಳೇ ಸ್ಕ್ಯಾನರ್‌ಗೆ ವರ್ಚುವಲ್ ಮಷೀನ್: ಯಾರಾದರೂ ಮಾಡಿ ನೋಡಿದ್ದೀರಾ?

ಡಿಟಿಪಿ ಅಂಗಡಿ, ಕಲಬುರಗಿ:
ನನ್ನ ಯುಎಸ್‌ಬಿ ಸ್ಕ್ಯಾನರ್‌ಗೆ 32 ಬಿಟ್ ವಿಂಡೋಸ್ ಎಕ್ಸ್‌ಪಿ ಡ್ರೈವರ್ ಮಾತ್ರ ಇದೆ. ಹೊಸ ಪಿಸಿಯಲ್ಲಿ 64 ಬಿಟ್ ವಿಂಡೋಸ್ 10. ವರ್ಚುವಲ್‌ಬಾಕ್ಸ್ ಸಾಫ್ಟ್‌ವೇರಿನಲ್ಲಿ ವರ್ಚುವಲ್ ಮಷೀನ್ (ಪಿಸಿಯೊಳಗೇ ಓಡುವ ಇನ್ನೊಂದು ಪಿಸಿ) ಮಾಡಿ ಎಕ್ಸ್‌ಪಿ ಹಾಕಿದರೆ ನಡೆಯುತ್ತಾ? ಅನುಭವ ಇದ್ದವರು ಹೇಳಿ.

ದಾಲ್‌ಮಿಲ್, ಕಲಬುರಗಿ:
ನಮ್ಮ ಲಾರಿ ತೂಗುವ ಕಾಟಾದ ಸಾಫ್ಟ್‌ವೇರ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಹೋದ ಬೇಸಿಗೆಯಲ್ಲಿ ಮದರ್‌ಬೋರ್ಡ್ ಸತ್ತಿತು. ಬಿಚ್ಚಿ ನೋಡಿದರೆ ನಾಲ್ಕು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಫ್ಯಾನಿನ ರೆಕ್ಕೆಗೆ ತೊಗರಿ ಹೊಟ್ಟಿನ ಧೂಳು ಮೆತ್ತಿಕೊಂಡಿತ್ತು. ಹೊಸ ಇಂಡಿಕೇಟರ್ (ತೂಕ ತೋರಿಸುವ ಪೆಟ್ಟಿಗೆ), ಸಾಫ್ಟ್‌ವೇರ್ ಸೇರಿ 38,000 ಕೇಳಿದರು. ನಾನು 9,500ಕ್ಕೆ ಸೆಕೆಂಡ್ ಹ್ಯಾಂಡ್ ಐ3 ತಂದು ವರ್ಚುವಲ್ ಮಷೀನ್ ಮಾಡಿದೆ. ಕಾಟಾದ ಸೀರಿಯಲ್ ಪೋರ್ಟನ್ನ ಪಿಸಿಯ ಯುಎಸ್‌ಬಿಗೆ ಜೋಡಿಸುವ ಯುಎಸ್‌ಬಿ-ಸೀರಿಯಲ್ ಕೇಬಲ್ ಮೊದಲನೆಯದು 350. ತೂಕದ ಜಾಗದಲ್ಲಿ ಬರೀ ಕಸದ ಅಕ್ಷರ. ಬಾಡ್ ರೇಟ್ (ಡೇಟಾ ಹರಿಯುವ ವೇಗ) ಎಷ್ಟು ಸಲ ಬದಲಿಸಿದರೂ ಅದೇ. ಎರಡು ದಿನ ಲಾರಿಗಳನ್ನ ಪಕ್ಕದ ಕಾಟಾಕ್ಕೆ ಕಳಿಸಿದೆ, ಆ ದುಡ್ಡೂ ನನ್ನದೇ. ಆಮೇಲೆ ತಂದ ಎಫ್‌ಟಿಡಿಐ ಕಂಪನಿಯ ಚಿಪ್ಪಿನ ಕೇಬಲ್ 1,150. ಹಾಕಿದ ಕೂಡಲೇ ತೂಕ ಬಂತು.

ಬೀದರ್:
ಎಲ್ಲರಿಗೂ ಹಾಗಾಗುವುದಿಲ್ಲ. ನನ್ನ ಸಾಫ್ಟ್‌ವೇರ್‌ಗೆ ಪ್ಯಾರಲಲ್ ಪೋರ್ಟಿಗೆ (ಹಳೇ ಪ್ರಿಂಟರ್ ಪೋರ್ಟು) ಸಿಕ್ಕಿಸುವ ಡಾಂಗಲ್ ಬೇಕು, ಅದೇ ಅದರ ಬೀಗದ ಕೈ. ಯುಎಸ್‌ಬಿ-ಪ್ಯಾರಲಲ್ ಕೇಬಲ್ ಪ್ರಿಂಟರ್‌ಗೆ ಅಷ್ಟೇ, ಡಾಂಗಲ್ ಅದಕ್ಕೆ ಕಾಣುವುದೇ ಇಲ್ಲ. ಮೂರು ಕೇಬಲ್, 2,100 ರೂಪಾಯಿ, ಸುಮ್ನೆ ಡ್ರಾದಲ್ಲಿ ಬಿದ್ದಿವೆ. ಕೊನೆಗೆ ಹಳೇ ಪೆಂಟಿಯಮ್ 4 ರಿಪೇರಿ ಮಾಡಿಸಿದೆ. ಇವತ್ತಿಗೂ ಅದರಲ್ಲೇ ಕೆಲಸ. ವರ್ಚುವಲ್ ಮಷೀನ್ ಎಲ್ಲಕ್ಕೂ ಮದ್ದು ಅನ್ನಬೇಡಿ.

ದಾಲ್‌ಮಿಲ್, ಕಲಬುರಗಿ:
ನಾನು ಹಾಗಂದೆನಾ ಅಣ್ಣಾ? ಸೀರಿಯಲ್ ಬಗ್ಗೆ ಹೇಳಿದ್ದು. ಓದಿ ಬರೆಯಿರಿ. ನಿಮ್ಮ ಪೆಂಟಿಯಮ್ ಬೋರ್ಡ್ ಮತ್ತೆ ಹೋದರೆ ಬಿಡಿಭಾಗ ಎಲ್ಲಿಂದ ತರುತ್ತೀರಿ?

ಬೀದರ್:
ಎರಡು ಬೋರ್ಡ್ ತಂದಿಟ್ಟಿದ್ದೀನಿ. ನಿಮ್ಮ ಚಿಂತೆ ಬೇಡ.

ಯಾದಗಿರಿ:
ಜಗಳ ಬಿಡಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಅಪ್‌ಡೇಟ್ ನಿಂತಿದೆ, ಅದಕ್ಕೆ ನೆಟ್ ಕೊಡಲೇಬೇಡಿ. ನಾನು ಕೊಟ್ಟೆ, ಇಡೀ ಡ್ರೈವನ್ನೇ ಶೇರ್ ಕೂಡ ಮಾಡಿದ್ದೆ. ವೈರಸ್ ಬಂದು ಆರು ವರ್ಷದ ಲಗ್ನಪತ್ರಿಕೆ ಫೈಲ್‌ಗಳು ಹೋದವು. ಎಲ್ಲಾ ಪೇಜ್‌ಮೇಕರ್ (ಪುಟ ವಿನ್ಯಾಸದ ಹಳೇ ಸಾಫ್ಟ್‌ವೇರ್), ನುಡಿ ಫಾಂಟ್. ಈಗ ವಾರಕ್ಕೊಮ್ಮೆ ವರ್ಚುವಲ್ ಡಿಸ್ಕ್ ಫೈಲನ್ನೇ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡ್ತೀನಿ.

ಬೀದರ್:
ಇನ್ನೂ ಹಳೇ ನುಡಿ ಫಾಂಟಾ? ಎಲ್ಲಾ ಕಂಪ್ಯೂಟರಿನಲ್ಲೂ ಓದಬರುವ ಯುನಿಕೋಡ್‌ಗೆ ಬನ್ನಿ.

ಯಾದಗಿರಿ:
ಪೇಜ್‌ಮೇಕರ್‌ನಲ್ಲಿ ಯುನಿಕೋಡ್ ಕನ್ನಡ ನಡೆಯುವುದಿಲ್ಲ. ಹಳೇ ಗಿರಾಕಿ ಬಂದು ಅದೇ ಕಾರ್ಡು ಬೇಕು ಅಂದರೆ ನೀವು ಮತ್ತೆ ಟೈಪ್ ಮಾಡಿಕೊಡ್ತೀರಾ?

ಡಿಟಿಪಿ ಅಂಗಡಿ, ಕಲಬುರಗಿ:
ನನ್ನ ಸ್ಕ್ಯಾನರ್ ಬಗ್ಗೆ ಯಾರೂ ಹೇಳಲಿಲ್ಲ.

ದಾಲ್‌ಮಿಲ್, ಕಲಬುರಗಿ:
ಬಯೋಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ವರ್ಚುವಲೈಸೇಶನ್ ಆನ್ ಮಾಡಿ. ವರ್ಚುವಲ್‌ಬಾಕ್ಸ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ 2.0 ಆರಿಸಿ, 3.0ಕ್ಕೆ ಎಕ್ಸ್‌ಪಿಯಲ್ಲಿ ಡ್ರೈವರ್ ಇಲ್ಲ. ಅಲ್ಲೇ ಸ್ಕ್ಯಾನರನ್ನ ಯುಎಸ್‌ಬಿ ಫಿಲ್ಟರ್‌ಗೆ ಸೇರಿಸಿ, ಆಗ ಅದು ಎಕ್ಸ್‌ಪಿಗೆ ಸಿಗುತ್ತೆ. ಮತ್ತೆ ಬೀದರ್ ಅಣ್ಣಾ, ಆ ಎರಡು ಬೋರ್ಡಿಗೆ ಎಷ್ಟು ಕೊಟ್ಟಿರಿ, ಅದನ್ನೂ ಬರೆಯಿರಿ.