ಅಪ್‌ಡೇಟ್: ಸಿಂಗಾಪುರ ಕ್ರೂಸ್, ಆ 100 ಡಾಲರ್ ಸಿಕ್ತು

ಹೋದ್ ತಿಂಗಳು ಕೇಳಿದ್ನಲ್ಲ, ಅಪ್ಪ ಅಮ್ಮನ್ನ ಸಿಂಗಾಪುರದಿಂದ ಕ್ರೂಸಿಗೆ ಕರ್ಕೊಂಡ್ ಹೋಗ್ತಿದೀನಿ, ಏಜೆಂಟು ಹೇಳಿದ್ 100 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ (ಹಡಗಲ್ಲೇ ಖರ್ಚು ಮಾಡೋಕೆ ಕೊಡೋ ದುಡ್ಡು) ಬುಕಿಂಗಲ್ಲಿ ಕಾಣ್ತಿಲ್ಲ ಅಂತ. ನೀವು ಹೇಳ್ದಂಗೆ ಈಮೇಲಲ್ಲೇ ಕೇಳ್ದೆ, ಹಡಗು ಹತ್ತೋ ಮುಂಚೆನೇ ಇನ್‌ವಾಯ್ಸಲ್ಲಿ ಬಂತು. ನಾನ್‌ರೀಫಂಡಬಲ್ ಅದು, ಇಳಿಯೋದ್ರೊಳಗೆ ಖರ್ಚು ಮಾಡ್ದಿದ್ರೆ ಹೋಯ್ತು ಅಂತಾನೇ, ಅದಕ್ಕೆ ಮಲೇಷ್ಯಾದ ಪೆನಾಂಗ್ ಟೂರಿಗೆ, ವೈಫೈಗೆ ಹಾಕ್ದೆ, ಉಳಿದಿದ್ರಲ್ಲಿ ಕೊನೇ ರಾತ್ರಿ ಅಮ್ಮಂಗೆ ಒಂದು ಬ್ಯಾಗು ತಗೊಂಡೆ.

ಹಡಗು ಹೊರಡೋ ಒಂದಿನ ಮುಂಚೆನೇ ಸಿಂಗಾಪುರಕ್ಕೆ ಹೋಗಿ ಅಂತ ನೀವು ಅಂದಿದ್ದೇ ನಮ್ಮನ್ನ ಉಳಿಸಿದ್ದು. ತುಮಕೂರಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರ ಮೇಲೆ ಏರ್‌ಪೋರ್ಟಿಗೆ ಆರಾಮಾಗಿ ಹೋದ್ವಿ, ಆದ್ರೆ ಫ್ಲೈಟೇ ಐದ್ ಗಂಟೆ ಲೇಟು, ಅದೇ ದಿನ ಹಡಗು ಇದ್ದಿದ್ರೆ ತಪ್ಪೋಗ್ತಿತ್ತು. ಬಿಪಿ ಮಾತ್ರೆ ಕೈಬ್ಯಾಗಲ್ಲೇ ಇಟ್ಕೊಳ್ಳಿ ಅಂದೋರಿಗೂ ತುಂಬಾ ಥ್ಯಾಂಕ್ಸ್, ಹಡಗು ಹತ್ತೋವಾಗ ಕೊಟ್ಟ ಸೂಟ್‌ಕೇಸು ರೂಮಿಗೆ ಬಂದಿದ್ದು ಸಂಜೆಗೆ.